ಒಂದೇ ಅಲಗು, ಎರಡು ಬುರುಡೆ

ಟೊರ್ಮೊಡ್‌ನ ಹಸು ಕೆಚ್ಚಲು ಬಿಗಿದುಕೊಂಡು ಅರಚುತ್ತಿತ್ತು. ಅದರ ಕಾಲ ಬುಡದಲ್ಲಿ, ಕೊಟ್ಟಿಗೆಯ ಒದ್ದೆ ಹುಲ್ಲಿನ ಮೇಲೆ, ಟೊರ್ಮೊಡ್ ಬೋರಲು ಬಿದ್ದಿದ್ದ. ತಲೆಯ ಹಿಂಭಾಗ ಒಡೆದ ಮೊಟ್ಟೆಯ ಹಾಗೆ ಒಳಕ್ಕೆ ಕುಸಿದಿತ್ತು.

"ಮೊದಲು ಹಸೂನ ಆಚೆ ಹೊಡಿ, ಎಫೀ," ಅಂದಳು ಸಾರ್ಜೆಂಟ್ ಇಷ್ಬೆಲ್. "ಹೆಣ ತುಳಿದುಬಿಟ್ರೆ ನಿನಗೂ ಕಷ್ಟ, ನನಗೂ ಕಷ್ಟ."

ನಾನು ಗೆರ್ಸಾ ದ್ವೀಪದ ನರ್ಸ್. ನಮ್ಮಲ್ಲಿ ಡಾಕ್ಟರಿಲ್ಲ, ಪೊಲೀಸ್ ಠಾಣೆಯಿಲ್ಲ. ಹೆರಿಗೆಯಿಂದ ಹಿಡಿದು ಹೆಣ ತೊಳೆಯುವ ತನಕ ಎಲ್ಲಕ್ಕೂ ನಾನೇ. ಇಷ್ಬೆಲ್ ಬಂದದ್ದು ಶನಿವಾರದ ಕೊನೆಯ ದೋಣಿಯಲ್ಲಿ. ಅವಳು ಇಳಿದ ಮೇಲೆ ಎದ್ದ ಗಾಳಿ ಇನ್ನೂ ನಿಂತಿರಲಿಲ್ಲ. ದೋಣಿಯೂ ಇಲ್ಲ, ಹೆಲಿಕಾಪ್ಟರೂ ಇಲ್ಲ. ಕೊಂದವನು ಯಾರೇ ಆಗಲಿ, ನಮ್ಮ ಜೊತೆಗೇ ಈ ಕಲ್ಲುಗುಡ್ಡದ ಮೇಲೆ ಸಿಕ್ಕಿಕೊಂಡಿದ್ದ.

ಇಷ್ಬೆಲ್ ಬಂದದ್ದು ಬೇರೊಂದು ಹೆಣಕ್ಕೆ. ಹಿರಿಯರ ಊರು ನೋಡಬೇಕೆಂದು ಕೆನಡಾದಿಂದ ಈ ಕೊರೆಯುವ ಚಳಿಯಲ್ಲಿ ಬಂದಿದ್ದ ರೋಸಲಿನ್ ಗಿಲಿಸ್, ಮುತ್ತಜ್ಜನ ಪಾಳುಮನೆಯ ಒಲೆಗಲ್ಲನ್ನು ಎತ್ತಿದ್ದಳು. ಅಪ್ಪನ ಬೂದಿಯಲ್ಲಿ ಒಂದು ಹಿಡಿಯನ್ನು ಅದರಡಿ ಹೂಳಬೇಕೆಂಬುದು ಅವಳ ಆಸೆ. ಆ ಜಾಗದಲ್ಲಿ ಆಗಲೇ ಒಬ್ಬ ಮಲಗಿದ್ದ. ಬರೀ ಮೂಳೆ, ಬುರುಡೆ ಬಿರಿದಿತ್ತು.

ಟೊರ್ಮೊಡ್‌ಗೆ ದ್ವೀಪದ ಏಳು ತಲೆಮಾರಿನ ವಂಶಾವಳಿ ಬಾಯಿಪಾಠ. ಶನಿವಾರ ಸಂಜೆ ಅವನು ನನ್ನ ಮನೆಯಲ್ಲೇ ಇರುವ ಚಿಕಿತ್ಸಾಲಯಕ್ಕೆ ಬಂದು, ರಟ್ಟಿನ ಡಬ್ಬದಲ್ಲಿಟ್ಟಿದ್ದ ಮೂಳೆಗಳನ್ನು ನೋಡಿದ. ತೊಡೆಮೂಳೆಯೊಂದನ್ನು ಎತ್ತಿ, ಬೆರಳಾಡಿಸಿ, ಮತ್ತೆ ಜೋಪಾನವಾಗಿ ಇಟ್ಟ. ಇವನು ಯಾರೆಂದು ನನಗೆ ಗೊತ್ತು ಅಂದ. ಯಾರೆಂದು ಇಷ್ಬೆಲ್ ಕೇಳಿದ್ದಕ್ಕೆ ಅಡ್ಡಡ್ಡ ತಲೆಯಾಡಿಸಿದ.

"ನಾಳೆ ದೇವರ ದಿನ. ಕೊಲೆ ವಿಷಯ ಆಡೋದಿಲ್ಲ. ನೂರು ವರ್ಷ ಕಾದವನು ಸೋಮವಾರದ ತನಕ ಕಾಯ್ತಾನೆ ಬಿಡಮ್ಮ."

ಭಾನುವಾರ ಬೆಳಗಿನ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಇಡೀ ಚರ್ಚಿಗೆ ಈ ಮಾತು ತಿಳಿದಿತ್ತು. ಸೋಮವಾರ ಬಂತು. ಹೇಳಬೇಕಾದ ಬಾಯಲ್ಲಿ ಹುಲ್ಲು ಮೆತ್ತಿಕೊಂಡಿತ್ತು.

ನಾನು ಅವನ ಅಂಗಿ ಕತ್ತರಿಸಿದೆ. ಮೈ ಮರದ ಹಾಗೆ ಸೆಟೆದಿತ್ತು. ಸಂಜೆಯ ಪ್ರಾರ್ಥನೆ ಮುಗಿಸಿ ಬಂದವನು ಹಸುವಿನ ಹತ್ತಿರ ಹೋದಾಗಲೇ ಸತ್ತಿರಬೇಕು ಅಂದೆ. ಬಲ ಹೆಗಲ ಮೇಲೆ ಇನ್ನೊಂದು ಗಾಯವಿತ್ತು. ಎದುರಿನಿಂದ ಬಿದ್ದ ಪೆಟ್ಟು, ಕೊರಳೆಲುಬು ಎರಡು ತುಂಡಾಗಿತ್ತು. ಬಹಳ ನೋಯಿಸುವ ಗಾಯ, ಆದರೆ ಸಾಯಿಸುವಂಥದ್ದಲ್ಲ. ಸಾಯಿಸಿದ್ದು ತಲೆಯ ಪೆಟ್ಟು. ಅದು ಹಿಂದಿನಿಂದ ಬಿದ್ದಿತ್ತು, ಅವನು ಕೂತಿದ್ದಾಗಲೋ ಮಂಡಿಯೂರಿದ್ದಾಗಲೋ.

"ಎರಡೂ ಒಂದೇ ಆಯುಧವಾ?" ಅಂತ ಇಷ್ಬೆಲ್ ಕೇಳಿದಳು.

ಒಂದೇ. ಎರಡೂ ಗಾಯ ಮೂಲೆ ಮಡಚಿದ ಹಾಗಿದ್ದವು. ಉದ್ದಕ್ಕೊಂದು ಕೊಯ್ತ, ಅದರ ತುದಿಯಿಂದ ಅಡ್ಡಕ್ಕೆ ಇನ್ನೊಂದು. ನಮ್ಮ ದ್ವೀಪದಲ್ಲಿ ಹುಟ್ಟಿದ ಯಾರಿಗೂ ಆ ಗುರುತು ಬಿಡಿಸಿ ಹೇಳಬೇಕಾಗಿಲ್ಲ. ಚಳಿಗಾಲದ ಒಲೆಗೆ ಪೀಟ್ ಮಣ್ಣನ್ನು ಹೆಂಟೆ ಹೆಂಟೆಯಾಗಿ ಕೊಯ್ಯುವ ಕತ್ತಿ ಅದು. ಉದ್ದನೆಯ ಮರದ ಹಿಡಿ, ತುದಿಯಲ್ಲಿ ಅಲಗು, ಅಲಗಿನ ಪಕ್ಕಕ್ಕೆ ರೆಕ್ಕೆಯ ಹಾಗೆ ಚಾಚಿದ ಇನ್ನೊಂದು ಅಲಗು. ಅಂಥ ಹೆಂಟೆಗತ್ತಿ ಇಲ್ಲದ ಮನೆ ಗೆರ್ಸಾದಲ್ಲಿಲ್ಲ.

ಆದರೆ ತಲೆಯ ಗಾಯದ ಅಡ್ಡ ಕೊಯ್ತದ ನಡುವೆ ಒಂದು ಕಡೆ ಮೂಳೆ ಕೊಯ್ಯದೆ, ಸಣ್ಣ ಏಣಿನ ಹಾಗೆ ಉಳಿದಿತ್ತು. ಅಂದರೆ ಹೊಡೆದ ಕತ್ತಿಯ ರೆಕ್ಕೆಯಲ್ಲಿ ಮುಕ್ಕಾದ ಜಾಗವೊಂದಿರಬೇಕು.

ಆ ಏಣನ್ನು ನಾನು ಆಗಲೇ ನೋಡಿದ್ದೆ, ನನ್ನ ಮನೆಯ ರಟ್ಟಿನ ಡಬ್ಬದಲ್ಲಿ.

ಹೆಣದ ಮೇಲೆ ಕಂಬಳಿ ಹೊದಿಸಿ, ಕೊಟ್ಟಿಗೆಗೆ ಬೀಗ ಹಾಕಿಸಿ, ಇಬ್ಬರೂ ಗಾಳಿಗೆ ತಲೆ ತಗ್ಗಿಸಿಕೊಂಡು ಮನೆಗೆ ಬಂದೆವು. ಬುರುಡೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅದೇ ಮೂಲೆ ಮಡಚಿದ ಬಿರುಕು. ಅಡ್ಡ ಕೊಯ್ತದಲ್ಲಿ ಅದೇ ಜಾಗದಲ್ಲಿ ಅದೇ ಏಣು. ಇಷ್ಬೆಲ್ ಅದರ ಮೇಲೆ ಬೆರಳಾಡಿಸಿದಳು.

"ಅಜ್ಜನ ಕಾಲದ ಕತ್ತಿ," ಅಂದಳು. "ಮೊಮ್ಮಗನ ಕೈಗೆ ಬಂದಿದೆ."

ರೋಸಲಿನ್ ಒಲೆಯ ಪಕ್ಕ ಕೂತಿದ್ದಳು. ಟೊರ್ಮೊಡ್ ಸತ್ತ ಸುದ್ದಿ ಅವಳಿಗೆ ತಾನು ಇಳಿದುಕೊಂಡಿದ್ದ ಮನೆಯಲ್ಲಿ ತಿಳಿದು, ಓಡಿಬಂದಿದ್ದಳಂತೆ. ಆಳು ಗಟ್ಟಿಯಾದವಳು. ಆ ಕಡೆ ಹಡಗು ಕಟ್ಟುವಲ್ಲಿ ಬೆಸುಗೆ ಹಾಕುವ ಕೆಲಸ. ನಮ್ಮ ಗೇಲಿಕ್ ಭಾಷೆಯನ್ನು ಅವಳು ಆಡುತ್ತಿದ್ದ ರೀತಿ ಕೇಳಿ ಊರೆಲ್ಲ ನಕ್ಕಿತ್ತು. ಸತ್ತುಹೋದ ಅಜ್ಜಿಯಂದಿರು ಗೋರಿಯಿಂದ ಎದ್ದು ಬಂದು ಮಾತಾಡಿದ ಹಾಗಿದೆ ಅಂತ. ಟೊರ್ಮೊಡ್ ಒಬ್ಬ ನಗಲಿಲ್ಲ. ದಿನಾ ಅವಳನ್ನು ಕೂರಿಸಿಕೊಂಡು ಹಳೆಯ ಕಥೆ ಹೇಳುತ್ತಿದ್ದ.

ನಿನ್ನೆ ಸಂಜೆ ಎಲ್ಲಿದ್ದೆ ಎಂದು ಇಷ್ಬೆಲ್ ಕೇಳಿದಳು. ತಲೆನೋವು, ಕೋಣೆಯಲ್ಲಿ ಮಲಗಿದ್ದೆ ಅಂದಳು. ಮನೆಯವರೆಲ್ಲ ಪ್ರಾರ್ಥನೆಗೆ ಹೋಗಿದ್ದರು.

"ನಿಮ್ಮ ಮುತ್ತಜ್ಜ ಆಂಗಸ್ ಗಿಲಿಸ್ ನೋಡೋಕೆ ಹೇಗಿದ್ರು?" ಇಷ್ಬೆಲ್ ಮುಂದುವರಿಸಿದಳು.

"ನಾನು ನೋಡಿಲ್ಲ. ಆದರೆ ಅಪ್ಪ ಯಾವಾಗಲೂ ಹೇಳೋರು. ಮುಪ್ಪಾದ್ರೂ ಮದುವೆ ಮನೇಲಿ ಅವರ ಹಾಗೆ ಕುಣಿಯೋರು ಇರಲಿಲ್ವಂತೆ. ಹಲಗೆ ಮುರಿಯೋ ಹಾಗೆ ಹೆಜ್ಜೆ ಹಾಕ್ತಿದ್ರಂತೆ."

ನನ್ನ ಕೈ ಡಬ್ಬದ ಮೇಲೆಯೇ ನಿಂತಿತು. ಟೊರ್ಮೊಡ್ ಎತ್ತಿ ನೋಡಿದ್ದ ತೊಡೆಮೂಳೆ ನಡುವೆ ಮುರಿದು, ವಕ್ರವಾಗಿ ಕೂಡಿಕೊಂಡದ್ದು. ಆ ಕಾಲಿನವನು ಬದುಕಿದ್ದಷ್ಟು ದಿನ ಕುಂಟಿರಬೇಕು. ಹಕ್ಕಿಮೊಟ್ಟೆಗೆಂದು ಬಂಡೆ ಇಳಿಯುವಾಗ ಬಿದ್ದು ಕಾಲು ಮುರಿದುಕೊಂಡವನೊಬ್ಬನ ಕಥೆ ನಮ್ಮಜ್ಜಿ ಹೇಳುತ್ತಿದ್ದಳು. ಊರವರು ಅವನನ್ನು ಕರೆಯುತ್ತಿದ್ದದ್ದೇ ಕುಂಟ ಆಂಗಸ್ ಎಂದು.

ಇದನ್ನು ನಾನು ಮೆಲ್ಲಗೆ ಹೇಳಿದೆ. ಒಲೆಗಲ್ಲಿನ ಕೆಳಗೆ ಮಲಗಿದ್ದವನೇ ಆಂಗಸ್ ಗಿಲಿಸ್. ಅವನು ಕೆನಡಾದ ಹಡಗು ಹತ್ತಲೇ ಇಲ್ಲ. ಅವನ ಹೆಸರು ಹೇಳಿಕೊಂಡು ಬೇರೆ ಯಾರೋ ಹತ್ತಿದ್ದಾರೆ.

ರೋಸಲಿನ್ ಅಳಲಿಲ್ಲ. ಒಲೆಯೊಳಗಿನ ಕೆಂಡ ನೋಡುತ್ತ, "ಹಾಗಾದರೆ ನಾನು ಗಿಲಿಸ್ ಅಲ್ಲ," ಅಂದಳು, ಅಷ್ಟೆ.

ಹತ್ತಿದವನು ಯಾರೆಂದು ಊಹಿಸುವುದು ಕಷ್ಟವಿರಲಿಲ್ಲ. ಚರ್ಚಿನ ಪಕ್ಕ ಕಡಲಿನಲ್ಲಿ ಮುಳುಗಿ ಸತ್ತವರ ಹೆಸರಿನ ಕಲ್ಲೊಂದಿದೆ. ಅದರಲ್ಲಿ ಮರ್ಡೋ ಮ್ಯಾಕ್‌ಕ್ವೀನ್ ಎಂಬುವನ ಹೆಸರೂ ಇದೆ. ಹಡಗು ಹೊರಟ ವಾರವೇ ಅವನ ದೋಣಿ ಮಗುಚಿ ದಡಕ್ಕೆ ಬಂತು, ಹೆಣ ಮಾತ್ರ ಬರಲಿಲ್ಲ ಎಂಬುದು ಊರಿನ ಕಥೆ. ಮರ್ಡೋನ ಅಣ್ಣ, ಆಂಗಸ್ ಹೊರಡುವಾಗ ತನ್ನ ಜಮೀನನ್ನು ನನಗೇ ಕೈಮುಟ್ಟಿ ಕೊಟ್ಟ ಎಂದು ಊರಿಗೆಲ್ಲ ಹೇಳಿದ. ಆ ಜಮೀನಿನಲ್ಲಿ ಈಗ ಕುರಿ ಮೇಯಿಸುವವನು ಅವನ ಮೊಮ್ಮಗ ಅಲಸ್ಡೇರ್ ಮ್ಯಾಕ್‌ಕ್ವೀನ್.

ಇಷ್ಬೆಲ್ ಕೋಟು ಹಾಕಿಕೊಂಡಳು. ಸಹಾಯಕ್ಕೆ ಇನ್ನೊಬ್ಬ ಪೊಲೀಸ್ ಇಲ್ಲದಿದ್ದರೆ ಗಾಳಿ ನಿಲ್ಲುವ ತನಕ ಕಾಯಬಾರದೇ ಎಂದೆ. ಗಾಳಿ ನಿಲ್ಲುವ ಹೊತ್ತಿಗೆ ಕತ್ತಿ ಕಡಲಿನ ತಳದಲ್ಲಿರುತ್ತದೆ ಎಂದಳು. ರೋಸಲಿನ್‌ಳನ್ನು ಒಬ್ಬಳೇ ಬಿಡಲು ಅವಳಿಗೆ ಮನಸ್ಸಾಗಲಿಲ್ಲ. ಬೂದಿ ಹೂಳಲು ಹೋಗಿ ಮೂಳೆ ಎತ್ತಿದವಳು, ಅವಳ ಮೇಲೂ ಯಾರಿಗಾದರೂ ಕಣ್ಣಿರಬಹುದು. ಕಾರಿನಲ್ಲೇ ಕೂತಿರಬೇಕು, ಇಳಿಯಬಾರದು ಎಂಬ ಮಾತಿನ ಮೇಲೆ ಅವಳನ್ನೂ ಕರೆದುಕೊಂಡೆವು.

ಅಲಸ್ಡೇರ್ ಕೊಟ್ಟಿಗೆಯಲ್ಲಿ ಟಗರು ಕೊಯ್ಯುತ್ತಿದ್ದ. ತೊಲೆಗೆ ತಲೆಕೆಳಗಾಗಿ ನೇತುಹಾಕಿದ ಮೈಯಿಂದ ಚರ್ಮ ಅರ್ಧ ಇಳಿದಿತ್ತು. ಕೆಳಗೆ ಬಕೀಟಿನಲ್ಲಿ ರಕ್ತ, ಕಡುಬಿಗೆಂದು ಹಿಡಿದದ್ದು, ಇನ್ನೂ ಹಬೆಯಾಡುತ್ತಿತ್ತು. ಹಿಂದಿನ ಗೋಡೆಯುದ್ದಕ್ಕೂ ಪೀಟ್ ಹೆಂಟೆಗಳನ್ನು ಆಳೆತ್ತರ ಒಟ್ಟಿದ್ದ.

"ಬಾ, ಸಾರ್ಜೆಂಟಮ್ಮ," ಅಂದ, ಚಾಕು ನಿಲ್ಲಿಸದೆ. "ಕರುಳು ಬೇಕಾ, ಕಲಿಜ ಬೇಕಾ? ನರ್ಸಮ್ಮಂಗೆ ತಲೆ ಕೊಡೋಣ, ಮೂಳೆ ಎಣಿಸೋಕೆ ಶುರು ಮಾಡಿದ್ದಾಳಂತಲ್ಲ."

"ನಿಮ್ಮನೆ ಹಳೇ ಹೆಂಟೆಗತ್ತಿ ತೋರಿಸು, ಅಲಸ್ಡೇರ್."

ಚಾಕು ಅರೆಕ್ಷಣ ತಡೆಯಿತು. ಮತ್ತೆ ಚರ್ಮದಡಿ ನುಗ್ಗಿತು. "ಕಳೆದುಹೋಯ್ತು. ಹೊಸದಿದೆ, ಬಾಗಿಲ ಹಿಂದೆ ನೋಡ್ಕೋ."

"ರೆಕ್ಕೆಯಲ್ಲಿ ಮುಕ್ಕಾದದ್ದು ಬೇಕು."

ಇಷ್ಬೆಲ್ ಅವನ ಪಕ್ಕಕ್ಕೆ ಸರಿದು, ಮರ್ಡೋನ ವಿಷಯ ಎತ್ತಿದಳು. ಚರ್ಚಿನ ಕಲ್ಲಿನ ಮೇಲಿರುವುದು ಸುಳ್ಳು ಹೆಸರು, ಆಂಗಸ್ ಜಮೀನು ಕೊಟ್ಟದ್ದೂ ಸುಳ್ಳು, ಇದೆಲ್ಲ ಟೊರ್ಮೊಡ್‌ಗೆ ತಿಳಿದಿತ್ತು, ಅದು ನಿನಗೂ ತಿಳಿದಿತ್ತು ಅಂದಳು. ಅಲಸ್ಡೇರ್‌ನ ಕುತ್ತಿಗೆ ಕೆಂಪೇರಿತು. ಅವನು ತಿರುಗಿ, ಆ ಮುದುಕ ದಿನಾ ಒಂದೊಂದು ಕಥೆ ಕಟ್ಟುತ್ತಾನೆ, ಅವನನ್ನೇ ಕರೆದುಕೊಂಡು ಬಾ, ನನ್ನ ಮುಖ ನೋಡಿ ಹೇಳಲಿ ಎಂದ.

"ಅವನು ಸತ್ತ," ಅಂದಳು ಇಷ್ಬೆಲ್.

ಅಲಸ್ಡೇರ್‌ನ ಬಾಯಿ ತೆರೆದೇ ಉಳಿಯಿತು. "ಸತ್ತನಾ? ಟೊರ್ಮೊಡ್?"

"ನಿನ್ನೆ ಸಂಜೆ. ಅವನ ಕೊಟ್ಟಿಗೆಯಲ್ಲಿ. ಕೈ ಮುಂದೆ ಮಾಡು, ಅಲಸ್ಡೇರ್."

ಅವನು ಕೈ ಮುಂದೆ ಮಾಡಿದ. ಆದರೆ ಆ ಕೈ ಮುಷ್ಟಿಯಾಗಿ ಇಷ್ಬೆಲ್‌ಳ ದವಡೆಗೆ ಬಿತ್ತು. ಅವಳು ಕುರಿ ಕಟ್ಟುವ ಕಬ್ಬಿಣದ ಗೇಟಿಗೆ ಹೋಗಿ ಬಡಿದಳು. ಬೀಳುವ ಮುಂಚೆಯೇ ಅವನು ಅವಳ ತೋಳನ್ನು ಗೇಟಿನ ಸರಳುಗಳ ನಡುವೆ ಸಿಕ್ಕಿಸಿ, ಮೈಭಾರವನ್ನೆಲ್ಲ ಹಾಕಿ ಒತ್ತಿದ. ಒಣ ಕಟ್ಟಿಗೆ ಮುರಿದ ಹಾಗೆ ಸದ್ದಾಯಿತು. ನಾನು ಎಷ್ಟೋ ಮುರಿದ ಕೈ ಕಟ್ಟಿದ್ದೇನೆ. ಮುರಿಯುವಾಗಿನ ಸದ್ದು ಕೇಳಿದ್ದು ಅದೇ ಮೊದಲು.

ಇಷ್ಬೆಲ್ ಕೂಗಲಿಲ್ಲ. ಮಂಡಿಯಿಂದ ಅವನ ತೊಡೆಸಂದಿಗೆ ಒದ್ದಳು. ಅವನು ಬಗ್ಗಿದ, ಆದರೆ ಬಿಡಲಿಲ್ಲ. ಇಬ್ಬರೂ ನೆಲಕ್ಕುರುಳಿದರು. ಅವನು ಅವಳ ಎದೆಯ ಮೇಲೆ ಕೂತು, ಮೊಣಕೈಯನ್ನು ಗಂಟಲಿಗೆ ಊರಿದ. ಇನ್ನೊಂದು ಕೈ ನೆಲದ ಮೇಲೆ ಬಿದ್ದಿದ್ದ ಚಾಕುವಿಗೆ ತಡಕಾಡುತ್ತಿತ್ತು.

ನಾನು ರಕ್ತದ ಬಕೀಟನ್ನೆತ್ತಿ ಅವನ ಮುಖಕ್ಕೆ ಎರಚಿದೆ. ಆಮೇಲೆ ಖಾಲಿ ಬಕೀಟಿನಿಂದಲೇ ಕಿವಿಯ ಮೇಲೆ ಬಾರಿಸಿದೆ. ಅವನು ಕುರುಡನ ಹಾಗೆ ಕೈ ಬೀಸಿದ. ಅದು ನನ್ನ ಪಕ್ಕೆಗೆ ಬಿತ್ತು. ನೇತಾಡುತ್ತಿದ್ದ ಟಗರಿನ ಮೇಲೆ ಬಿದ್ದು, ಅದರ ಜೊತೆಗೇ ನೆಲಕ್ಕೆ ಜಾರಿದೆ. ಉಸಿರು ಒಳಕ್ಕೂ ಹೋಗಲಿಲ್ಲ, ಹೊರಕ್ಕೂ ಬರಲಿಲ್ಲ. ಕಣ್ಣೆದುರೇ ಇಷ್ಬೆಲ್‌ಳ ಮುಖ ನೀಲಿಯಾಗುತ್ತಿತ್ತು. ಅವಳ ಹಿಮ್ಮಡಿಗಳು ನೆಲವನ್ನು ಬಡಿಯುತ್ತಿದ್ದವು. ಬಡಿತ ನಿಧಾನವಾಗುತ್ತ ಬಂತು. ಅಲಸ್ಡೇರ್‌ನ ಬೆರಳಿಗೆ ಚಾಕು ಸಿಕ್ಕಿತು.

ಆಗ ಬಾಗಿಲಲ್ಲಿ ನೆರಳಾಡಿತು. ರೋಸಲಿನ್ ಕಾರಿನಿಂದ ಇಳಿದು ಬಂದಿದ್ದಳು. ಒಂದು ಸಲ ನಮ್ಮತ್ತ ನೋಡಿದಳು. ನಮ್ಮನ್ನು ದಾಟಿ ಹಿಂದಿನ ಗೋಡೆಗೆ ಓಡಿ, ಹೆಂಟೆಯ ರಾಶಿಯ ಮೂಲೆಗೆ ತೋಳು ತೂರಿಸಿ ಎಳೆದಳು. ಹೆಂಟೆಗಳು ಧಡಧಡ ಉರುಳಿದವು. ಕೈಯಲ್ಲಿ ಉದ್ದನೆಯ ಹಿಡಿಯ ಕತ್ತಿಯೊಂದು ಬಂತು.

ಎತ್ತಿದಳು, ಹೊಡೆದಳು. ಮೊದಲ ಪೆಟ್ಟು ಅಲಸ್ಡೇರ್‌ನ ಚಾಕು ಹಿಡಿದ ಕೈಗೆ ಬಿತ್ತು. ಎರಡು ಬೆರಳು ನನ್ನ ಕಾಲ ಹತ್ತಿರ ಬಂದು ಬಿದ್ದವು. ಎರಡನೆಯದು ಬೆನ್ನಿಗೆ, ಅಲಗು ತಿರುಗಿಸಿ, ಮೊಂಡು ಕಡೆಯಿಂದ. ಅವನು ಇಷ್ಬೆಲ್‌ಳ ಮೇಲಿಂದ ಪಕ್ಕಕ್ಕೆ ಒರಗಿದ. ಮೂರನೆಯದಕ್ಕೆ ಅವಳು ಕತ್ತಿಯನ್ನು ತಲೆಯ ಮೇಲಕ್ಕೆತ್ತಿದ್ದಳು.

"ಸಾಕು, ರೋಸಲಿನ್," ಅಂದೆ. ದನಿ ಎಲ್ಲಿಂದ ಬಂತೋ ಗೊತ್ತಿಲ್ಲ. "ಸಾಕು ಬಿಡು."

ಅವಳು ಕತ್ತಿ ಇಳಿಸಿದಳು, ಸ್ವಲ್ಪ ತಡೆದು.

ನಾನು ಇಷ್ಬೆಲ್‌ಳ ಬೆಲ್ಟಿನಿಂದ ಕೈಕೋಳ ತೆಗೆದು, ಅಲಸ್ಡೇರ್‌ನ ಒಳ್ಳೆಯ ಕೈಯನ್ನು ಗೇಟಿನ ಸರಳಿಗೆ ಬಿಗಿದೆ. ಬೆರಳು ಹೋದ ಕೈಗೆ ನನ್ನ ಮಫ್ಲರ್ ಸುತ್ತಿ ಗಂಟು ಹಾಕಿದೆ. ಇಷ್ಬೆಲ್ ಗೋಡೆಗೊರಗಿ ಕೂತು, ಮುರಿದ ತೋಳನ್ನು ಮಡಿಲಲ್ಲಿ ಮಗುವಿನ ಹಾಗೆ ಇಟ್ಟುಕೊಂಡು ಕೆಮ್ಮುತ್ತಿದ್ದಳು. ಕೆಮ್ಮಿದಾಗಲೆಲ್ಲ ರಕ್ತ ಉಗುಳಿದಳು. ಆದರೂ ಮೊದಲು ದೊರೆತ ಉಸಿರಿನಲ್ಲೇ ಅಲಸ್ಡೇರ್‌ನನ್ನು ವಿಚಾರಿಸಲು ಶುರು ಮಾಡಿದಳು.

ಅವನು ಈಗ ಅಳುತ್ತಿದ್ದ. ಟಗರಿನ ರಕ್ತವೂ ಅವನ ರಕ್ತವೂ ಕಣ್ಣೀರಿನ ಜೊತೆ ಇಳಿಯುತ್ತಿತ್ತು. ಹೇಳಬೇಕಾದದ್ದನ್ನೆಲ್ಲ ತಡವರಿಸುತ್ತ ಹೇಳಿದ. ಭಾನುವಾರ ಸಂಜೆ ಚರ್ಚಿನ ಬಾಗಿಲಲ್ಲಿ ಟೊರ್ಮೊಡ್ ಅವನ ತೋಳು ಹಿಡಿದು, ನಿಮ್ಮನೆಯ ಹಳೆಯ ಕತ್ತಿ ಇವತ್ತೇ ತಂದುಕೊಡು, ನಾಳೆ ಬುರುಡೆಗೆ ಇಟ್ಟು ನೋಡಿಯೇಬಿಡೋಣ ಎಂದಿದ್ದನಂತೆ. ಇವನು ಅದನ್ನು ಅವನ ಕೊಟ್ಟಿಗೆಗೇ ತೆಗೆದುಕೊಂಡು ಹೋದ. ಬೇಡ ಅಂತ ಕಾಲಿಗೆ ಬಿದ್ದೆ ಅಂದ. ಚರ್ಚಿನ ಕಲ್ಲಿನ ಮೇಲಿನ ಮರ್ಡೋನ ಹೆಸರನ್ನು ನೋಡಿಕೊಂಡೇ ನಮ್ಮಪ್ಪ ಪ್ರತಿವರ್ಷ ಟೋಪಿ ತೆಗೆದು ನಿಲ್ಲುತ್ತಿದ್ದ ಅಂದ. ಟೊರ್ಮೊಡ್ ಮುಖಕ್ಕೆ ಉಗುಳಿ, ನಿಮ್ಮದು ಕೊಲೆಗಡುಕರ ಮನೆ, ಅದು ಜಗತ್ತಿಗೇ ಗೊತ್ತಾಗಲಿ ಅಂದಾಗ ಕೈ ಮೀರಿತು.

"ಎಷ್ಟು ಸಲ ಹೊಡೆದೆ?" ಅಂತ ಕೇಳಿದೆ ನಾನು.

"ಒಂದು. ಹೆಗಲಿಗೆ."

"ತಲೆಗೆ?"

"ತಲೆಗೆ ನಾನ್ಯಾಕೆ ಹೊಡೀಲಿ? ಒಂದೇ ಒಂದು, ಎಫೀ. ನಮ್ಮವ್ವನ ಗೋರಿ ಮೇಲಾಣೆ. ಕೂತ್ಕೊಂಡು ನನ್ನ ವಂಶಾನೆಲ್ಲ ಬೈತಿದ್ದ ಅವನು, ನಾನು ಓಡಿ ಬರುವಾಗ. ಬೆಳಿಗ್ಗೆ ಪೊಲೀಸ್ ಬಂದು ಹೊಡೆದಾಟದ ಕೇಸು ಹಾಕ್ತಾಳೆ ಅಂದ್ಕೊಂಡಿದ್ದೆ. ಸತ್ತ ಅಂದಳಲ್ಲ, ಆಗ ತಲೆ ಕೆಟ್ಟುಹೋಯ್ತು."

ಇಷ್ಬೆಲ್ ನನ್ನ ಕಡೆ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ. ಗಾಯಗಳು ಹೇಳುತ್ತಿದ್ದದ್ದೂ ಅದನ್ನೇ. ಮೊದಲ ಪೆಟ್ಟು ಎದುರಿನಿಂದ, ಎರಡನೆಯದು ಕೂತವನಿಗೆ ಹಿಂದಿನಿಂದ. ಸಿಟ್ಟಿನಲ್ಲಿ ಹೊಡೆದವನು ಓಡಿಹೋದ ಮೇಲೆ ಇನ್ನೊಬ್ಬರು ಬಂದಿದ್ದರು.

"ಆಮೇಲೆ ಕತ್ತಿ ತಂದು ಇಲ್ಲಿ ಬಚ್ಚಿಟ್ಟೆ," ಅಂದಳು ಇಷ್ಬೆಲ್.

"ಬಚ್ಚಿಟ್ಟೆನಾ?" ಅವನು ನಿಜಕ್ಕೂ ಅರ್ಥವಾಗದವನ ಹಾಗೆ ನೋಡಿದ. "ಅಲ್ಲೇ ಹುಲ್ಲಿನ ಮೇಲೆ ಬಿಸಾಕಿ ಬಂದೆ. ಅದನ್ನ ಮತ್ತೆ ನೋಡಿದ್ದು ಈಗಲೇ, ಇವಳ ಕೈಯಲ್ಲಿ."

ಕೊಟ್ಟಿಗೆಯ ತಗಡು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ನಾನು ಹೆಂಟೆಯ ರಾಶಿಯ ಕಡೆ ತಿರುಗಿದೆ. ಗೋಡೆಯುದ್ದಕ್ಕೂ ಒಂದೇ ಥರ, ಕಪ್ಪಗೆ, ಸಾಲು ಸಾಲಾಗಿ ಒಟ್ಟಿದ್ದ ರಾಶಿ. ಎಲ್ಲೂ ಒಂದು ಹಿಡಿ ಹೊರಗೆ ಕಾಣುತ್ತಿರಲಿಲ್ಲ. ಇಷ್ಬೆಲ್‌ಗೆ ಕಂಡಿರಲಿಲ್ಲ, ನನಗೂ ಕಂಡಿರಲಿಲ್ಲ. ಬಾಗಿಲಿಂದ ಓಡಿಬಂದವಳು ಮಾತ್ರ ಎಲ್ಲೂ ಹುಡುಕದೆ, ಆ ಒಂದೇ ಮೂಲೆಗೆ ತೋಳು ತೂರಿಸಿದ್ದಳು.

ನಾನು ಅಂದುಕೊಂಡದ್ದನ್ನೇ ಇಷ್ಬೆಲ್ ಕೇಳಿದಳು. ಅವಳ ದನಿ ಒಡೆದಿತ್ತು.

"ರೋಸಲಿನ್. ಕತ್ತಿ ಅಲ್ಲಿದೆ ಅಂತ ನಿಂಗೆ ಹೇಗೆ ಗೊತ್ತಾಯ್ತು?"

ರೋಸಲಿನ್ ಅಲಗಿನ ಮೇಲಿನ ರಕ್ತವನ್ನು ತನ್ನ ಕೋಟಿನ ತೋಳಿನಿಂದ ಒರೆಸಿದಳು, ಮೊದಲು ಉದ್ದಕ್ಕೆ, ಆಮೇಲೆ ರೆಕ್ಕೆಯುದ್ದಕ್ಕೆ. ಇಷ್ಬೆಲ್‌ಳ ಮುರಿದ ತೋಳನ್ನು ನೋಡಿದಳು. ಗೇಟಿಗೆ ಕಟ್ಟಿದ್ದ ಅಲಸ್ಡೇರ್‌ನನ್ನು ನೋಡಿದಳು. ಅವನು ಅವಳಿಗೆ ದಾಯಾದಿ, ಅವಳ ನಿಜವಾದ ಮನೆತನದಲ್ಲಿ ಉಳಿದಿದ್ದವನು ಅವನೊಬ್ಬನೇ. ಸೋಮವಾರ ಟೊರ್ಮೊಡ್ ಬಾಯಿ ತೆರೆದಿದ್ದರೆ ಅವನ ಹಾಗೆ ಅವಳೂ ಕೊಲೆಗಡುಕರ ಮನೆಯವಳಾಗುತ್ತಿದ್ದಳು. ಕೊನೆಗೆ ಅವಳ ಕಣ್ಣು ನನ್ನ ಮೇಲೆ ನಿಂತಿತು. ಹಿಡಿಯನ್ನು ಎರಡು ಕೈಯಿಂದಲೂ ಸರಿಯಾಗಿ ಹಿಡಿದುಕೊಂಡು, ಅದೇ ಹಳೆಯ ಕಾಲದ ಮೃದುವಾದ ಗೇಲಿಕ್‌ನಲ್ಲಿ ಹೇಳಿದಳು:

"ಗಾಳಿ ಒಳಗೆ ಬರ್ತಿದೆ, ಎಫೀ ಅಕ್ಕ. ಬಾಗಿಲು ಹಾಕಿಬಿಡಿ."